ಫೈಬರ್ ಹಡಗು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರ: ಫೈಬರಿನಲ್ಲಿ ಹಡಗು ಕಟ್ಟಿದರೆ ಇಂಧನ ಉಳಿಯುತ್ತದಂತೆ. ಮತ್ತೆ ಪಣಂಬೂರಿಗೆ ಬರುವ ದೊಡ್ಡ ಹಡಗುಗಳೆಲ್ಲ ಇನ್ನೂ ಉಕ್ಕಿನವೇ ಯಾಕೆ?
– ಓದುಗರು, ಸುರತ್ಕಲ್

ಉ: ಕಲ್ಲಿದ್ದಲು ತರುವ ಹಡಗಿನಲ್ಲಿ ಒಡಲಿಗಿಂತ ಸರಕಿನ ತೂಕವೇ ಹಲವು ಪಟ್ಟು. ಒಡಲು ಹಗುರವಾದರೂ ಒಟ್ಟು ಲೆಕ್ಕದಲ್ಲಿ ಉಳಿತಾಯ ಅಷ್ಟಕ್ಕಷ್ಟೇ. ಪ್ರಯಾಣಿಕರ ದೋಣಿಯಲ್ಲಿ ಒಡಲೇ ದೊಡ್ಡ ಹೊರೆ. ನಾರ್ವೆಯಲ್ಲಿ 2018ರಲ್ಲಿ ನೀರಿಗಿಳಿದ ‘ಫ್ಯೂಚರ್ ಆಫ್ ದಿ ಫ್ಯೋರ್ಡ್ಸ್’ 42 ಮೀಟರ್ ಉದ್ದದ್ದು, 400 ಜನ ಹಿಡಿಸುತ್ತದೆ, ಓಡುವುದು ಪೂರ್ತಿ ಬ್ಯಾಟರಿಯಲ್ಲಿ. ಅದರ ಒಡಲು ಕಾರ್ಬನ್ ಫೈಬರಿನದು. ಉಕ್ಕಿನದಾಗಿದ್ದರೆ ಅಷ್ಟೇ ದೂರಕ್ಕೆ ಇನ್ನಷ್ಟು ಬ್ಯಾಟರಿ, ಅದನ್ನು ಹೊರಲು ಇನ್ನಷ್ಟು ಉಕ್ಕು!

ಇನ್ನೊಂದು ತೊಡಕು ಬೆಂಕಿ. ಹಡಗಿನ ಸುರಕ್ಷತೆಗಿರುವ ಅಂತಾರಾಷ್ಟ್ರೀಯ ‘ಸೋಲಾಸ್’ ನಿಯಮ ಕೇಳುವುದು ಉಕ್ಕನ್ನು, ಇಲ್ಲವೇ ಅದಕ್ಕೆ ಸಮನಾದ ಉರಿಯದ ವಸ್ತುವನ್ನು. ಫೈಬರಿನ ಎಳೆಗಳನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಉರಿಯುತ್ತದೆ, ಸಾಮಾನ್ಯ ರೆಸಿನ್ ಆದರೆ ಹೊತ್ತಿಕೊಳ್ಳುವ ಮೊದಲೇ, 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಮೆತ್ತಗಾಗುತ್ತದೆ. ಅದಕ್ಕೆ ಒಳಮೈಗೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ, ಉರಿಯದ ಉಣ್ಣೆಯಂಥ ವಸ್ತು) ಹೊದಿಸಬೇಕು. ಉಳಿಸಿದ ತೂಕದ ಒಂದು ಪಾಲು ಅಲ್ಲೇ ಹೋಯಿತು. ಒಡಲು ಉಕ್ಕು, ಮೇಲಂತಸ್ತು ಫೈಬರ್ ಎಂಬುದು ನಡುದಾರಿ. ಕೋಲ್ಕತ್ತದಲ್ಲಿ ಕಟ್ಟಿದ ಐಎನ್‌ಎಸ್ ಕಿಲ್ತಾನ್ ಮತ್ತು ಕವರತ್ತಿ ಹಾಗೇ ಇವೆ (ಯುದ್ಧನೌಕೆಗೆ ಸೋಲಾಸ್ ಅನ್ವಯಿಸದು, ಆ ಮಾತು ಬೇರೆ). ಮೇಲಿನ ಭಾರ ಇಳಿದಷ್ಟೂ ಹಡಗಿನ ಸ್ಥಿರತೆ ಹೆಚ್ಚುತ್ತದೆ.

ಪ್ರ: ನಡುವೆ ಫೋಮ್ ಇಟ್ಟು, ವ್ಯಾಕ್ಯೂಮ್‌ನಲ್ಲಿ ರೆಸಿನ್ ಎಳೆದು ಡೆಕ್ ಮಾಡಿದೆವು. ಮೇಲ್ಪದರ ಚೆನ್ನಾಗಿದೆ, ಅಡಿಪದರ ಅಲ್ಲಲ್ಲಿ ಒಣಗಿ ಬೆಳ್ಳಗಿದೆ. ತಪ್ಪೆಲ್ಲಿ?
– ಓದುಗರು, ಮಲ್ಪೆ

ಉ: ಮೊದಲು ಫೋಮ್ ನೋಡಿ. ತೂತು, ಗೀರು ಇಲ್ಲದ ಹಾಳೆಯಾದರೆ ಮೇಲೆ ಹರಿದ ರೆಸಿನ್ ಅಡಿಗಿಳಿಯಲು ದಾರಿಯೇ ಇಲ್ಲ. ಎರಡನೆಯದು ರೆಸಿನ್. ಬ್ರಶ್‌ನಲ್ಲಿ ಹಚ್ಚುವ ರೆಸಿನ್ ಗೋಡೆಯಿಂದ ಜಾರದಂತೆ ಮಂದ ಮಾಡಿದ್ದು. ಇಲ್ಲಿಗೆ 150–300 ಸೆಂಟಿಪಾಯಿಸ್‌ನ (ದ್ರವ ಎಷ್ಟು ಮಂದ ಎಂಬುದರ ಅಳತೆ) ತೆಳು ರೆಸಿನ್ ಬೇಕು. ಫೋಮಿನ ಅಂಚಿನಲ್ಲಿ ಸಂದು ಬಿಟ್ಟಿದ್ದರಂತೂ ರೆಸಿನ್ ಆ ಸಂದಿನಲ್ಲೇ ಓಡಿ ಹೀರುವ ಪೈಪ್ ಮುಟ್ಟುತ್ತದೆ, ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಮುಂದಿನ ಸಲ ರೆಸಿನ್ ಬಿಡುವ ಮೊದಲು ಪಂಪ್ ಕಡೆಯ ಪೈಪ್ ಬಿಗಿದು 15 ನಿಮಿಷ ಗೇಜ್ ನೋಡಿ. ಒತ್ತಡ 10 ಮಿಲಿಬಾರ್‌ಗಿಂತ ಹೆಚ್ಚು ಏರಿದರೆ ಮೇಲೆ ಹೊದಿಸಿದ ವ್ಯಾಕ್ಯೂಮ್ ಚೀಲ ಸೋರುತ್ತಿದೆ. ಬಹಳ ಸಲ ಕಳ್ಳ ಇರುವುದು ಮೂಲೆಯ ಮಡಿಕೆಯ ಟೇಪಿನಲ್ಲಿ.

ಈಗಿನ ಡೆಕ್ಕನ್ನು ನಾಣ್ಯದಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲೆಲ್ಲ, ಬೆಳ್ಳಗಿರುವಲ್ಲೂ, ಗಟ್ಟಿ ಪದರ ಸಿಗುವವರೆಗೆ ಉಜ್ಜಿ ತೆಗೆದು ಹೊಸ ಪದರ ಹಾಕಿ. ಜೆಲ್‌ಕೋಟ್ (ಹೊರಮೈಗೆ ಹಚ್ಚುವ ಬಣ್ಣದ ರೆಸಿನ್) ಬಳಿದು ಮುಚ್ಚಬೇಡಿ. ನೀರು ಹೊಕ್ಕು ಫೋಮ್‌ವರೆಗೂ ಹೋಗುತ್ತದೆ.

ಪ್ರ: ಹಳೆಯದಾದ ಫೈಬರ್ ದೋಣಿ ಏನಾಗುತ್ತದೆ?
– ಓದುಗರು, ಹೊನ್ನಾವರ

ಉ: ಉಕ್ಕಾದರೆ ಗುಜರಾತಿನ ಅಲಂಗ್‌ನಲ್ಲಿ ಕತ್ತರಿಸಿ ಮತ್ತೆ ಕಂಬಿ ಮಾಡುತ್ತಾರೆ. ಗಟ್ಟಿಯಾದ ಪಾಲಿಯೆಸ್ಟರ್ ರೆಸಿನ್ ಮತ್ತೆ ಕರಗದು. ಗಾಜಿನ ಫೈಬರನ್ನು ಪುಡಿ ಮಾಡಿ ಸಿಮೆಂಟ್ ಗೂಡಿಗೆ ಹಾಕುವ ಪದ್ಧತಿ ಜರ್ಮನಿಯಲ್ಲಿದೆ: ರೆಸಿನ್ ಉರುವಲಾಗುತ್ತದೆ, ಗಾಜು ಸಿಮೆಂಟಿಗೆ ಸೇರುತ್ತದೆ.