ಒಂದೇ ಭಾಷೆ, ಒಂದೇ ಧರ್ಮ, ಮತ್ತೇಕೆ ಎರಡು ಬಾವುಟ?

ಪ್ರಶ್ನೆ: ನಮ್ಮದು ಬೆಂಗಳೂರು. ಮಹಡಿ ಮನೆಯನ್ನು ಇಬ್ಬರು ಸೋಮಾಲಿ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಇಬ್ಬರದೂ ಒಂದೇ ಭಾಷೆ, ಒಟ್ಟಿಗೆ ಅಡುಗೆ, ಒಟ್ಟಿಗೆ ನಮಾಜು. ಮೇ 18ಕ್ಕೆ ಒಬ್ಬ "ಆಂಟಿ, ಇವತ್ತು ನಮ್ಮ ದೇಶದ ಹಬ್ಬ" ಎಂದು ಸ್ವೀಟ್ ಬಾಕ್ಸ್ ತಂದುಕೊಟ್ಟ. ಇನ್ನೊಬ್ಬ ಮುಖ ಗಂಟಿಕ್ಕಿಕೊಂಡು ಮೇಲೆ ಹೋದ. ಆಮೇಲೆ ಕೇಳಿದರೆ "ಅದು ದೇಶವೇ ಅಲ್ಲ ಆಂಟಿ" ಅಂದ. ಏನಿದು ಜಗಳ?

ಉತ್ತರ: ಸ್ವೀಟ್ ಕೊಟ್ಟ ಹುಡುಗ ಸೋಮಾಲಿಲ್ಯಾಂಡಿನವನು. 1991ರ ಮೇ 18ರಂದು ಬುರಾವೊ ಎಂಬ ಊರಲ್ಲಿ ಉತ್ತರದ ಮುಖಂಡರು ಸೇರಿ, ನಾವಿನ್ನು ಸೋಮಾಲಿಯಾದ ಭಾಗವಲ್ಲ ಎಂದು ಘೋಷಿಸಿದರು. ಅಂದಿನಿಂದ ಅಲ್ಲಿ ಬೇರೆ ಬಾವುಟ, ಬೇರೆ ನೋಟು, ಬೇರೆ ಪೊಲೀಸು, ಬೇರೆ ಚುನಾವಣೆ. ಮುಖ ಗಂಟಿಕ್ಕಿದ ಹುಡುಗನಿಗೆ ಆ ದಿನ ಅಂದರೆ ಮನೆ ಒಡೆದ ದಿನ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೇಳಿದ್ದನ್ನೇ ನಿಮಗೆ ಹೇಳಿದ್ದಾರೆ. ಯಾರೂ ಸುಳ್ಳು ಹೇಳಿಲ್ಲ.

ಎರಡನೆಯ ಹುಡುಗನ ನೋವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹೊರಗಿನವರು ಅದನ್ನು ಬೇಗ ಮರೆಯುತ್ತಾರೆ. ಸೋಮಾಲಿಯಾದ ನೀಲಿ ಬಾವುಟದ ನಡುವೆ ಒಂದು ಬಿಳಿ ನಕ್ಷತ್ರವಿದೆ. ಅದಕ್ಕೆ ಐದು ಮೂಲೆ. ಯುರೋಪಿನವರೂ ಇಥಿಯೋಪಿಯಾದ ಅರಸರೂ ಸೋಮಾಲಿಗಳ ನೆಲವನ್ನು ಐದು ಪಾಲು ಮಾಡಿಕೊಂಡಿದ್ದರು. ಬ್ರಿಟಿಷರದ್ದು, ಇಟಲಿಯದ್ದು, ಫ್ರೆಂಚರದ್ದು, ಇಥಿಯೋಪಿಯಾದ ಓಗಾಡೆನ್, ಕೆನ್ಯಾದ ಉತ್ತರ ಗಡಿನಾಡು. ಐದನ್ನೂ ಒಂದು ಮಾಡುವುದೇ ಆ ನಕ್ಷತ್ರದ ಕನಸು. ಫ್ರೆಂಚರ ಪಾಲು 1977ರಲ್ಲಿ ಜಿಬೂಟಿ ಎಂಬ ಬೇರೆ ದೇಶವಾಯಿತು. ಓಗಾಡೆನ್‌ಗಾಗಿ 1977-78ರಲ್ಲಿ ನಡೆದ ಯುದ್ಧದಲ್ಲಿ ಸೋಮಾಲಿಯಾ ಸೋತಿತು. ಕೆನ್ಯಾದ ಭಾಗ ಕೆನ್ಯಾದಲ್ಲೇ ಉಳಿಯಿತು. ಕೂಡಿದ್ದು ಬ್ರಿಟಿಷರ ಕೈಯಲ್ಲಿದ್ದ ಉತ್ತರ, ಇಟಲಿಯ ಕೈಯಲ್ಲಿದ್ದ ದಕ್ಷಿಣ, ಎರಡೇ. ಅದರಲ್ಲೂ ಒಂದು ಹೋದರೆ ಉಳಿಯುವುದು ಒಂದೇ ಮೂಲೆ. ಆ ಹುಡುಗ ಮೆಟ್ಟಿಲು ಹತ್ತಿ ಹೋದದ್ದು ಸುಮ್ನೆ ಅಲ್ಲ.

ಇನ್ನು ಮೊದಲನೆಯವನ ಕಥೆ. ಇಲ್ಲಿ ನಮಗೂ ಒಂದು ನಂಟಿದೆ. ಬ್ರಿಟಿಷ್ ಸೋಮಾಲಿಲ್ಯಾಂಡನ್ನು 1898ರವರೆಗೆ ಬ್ರಿಟಿಷ್ ಇಂಡಿಯಾದ ಆಡಳಿತವೇ ಯೆಮೆನ್ ತೀರದ ಏಡನ್ ಬಂದರಿನ ಮೂಲಕ ನೋಡಿಕೊಳ್ಳುತ್ತಿತ್ತು. ಅಲ್ಲಿನ ಸಂತೆಯಲ್ಲಿ ಬಹಳ ಕಾಲ ಓಡಾಡಿದ್ದು ನಮ್ಮ ರೂಪಾಯಿ. ಇಟಲಿಯ ಕೈಯಲ್ಲಿದ್ದ ದಕ್ಷಿಣದಲ್ಲಿ ಕಾನೂನು ಬೇರೆ, ಕಚೇರಿಯ ಭಾಷೆ ಬೇರೆ. ಮನೆಮಾತು ಒಂದೇ ಆದರೂ, ಸರ್ಕಾರಿ ಕಾಗದ ಉತ್ತರದಲ್ಲಿ ಇಂಗ್ಲಿಷಿನಲ್ಲಿ, ದಕ್ಷಿಣದಲ್ಲಿ ಇಟಾಲಿಯನ್‌ನಲ್ಲಿ.

ಉತ್ತರಕ್ಕೆ 1960ರ ಜೂನ್ 26ಕ್ಕೆ ಸ್ವಾತಂತ್ರ್ಯ ಸಿಕ್ಕಿತು. ದಕ್ಷಿಣಕ್ಕೆ ಜುಲೈ 1ಕ್ಕೆ. ಅದೇ ದಿನ ಎರಡೂ ಕೂಡಿದವು. ಯಾರೂ ಬಲವಂತ ಮಾಡಲಿಲ್ಲ, ಉತ್ತರದವರೇ ಕುಣಿದಾಡುತ್ತಾ ಬಂದರು. ಆದರೆ ಕರಾರು ಸರಿಯಾಗಿ ಬರೆಯಲೇ ಇಲ್ಲ. ಎರಡು ಕಡೆಯ ಶಾಸನಸಭೆಗಳು ಬೇರೆ ಬೇರೆ ಒಕ್ಕಣೆಯ ಕಾಗದ ಇಟ್ಟುಕೊಂಡಿದ್ದವು. 123 ಸೀಟಿನ ಸಂಸತ್ತಿನಲ್ಲಿ ಉತ್ತರಕ್ಕೆ ಸಿಕ್ಕಿದ್ದು 33. ರಾಜಧಾನಿ ದಕ್ಷಿಣದ ಮೊಗಾದಿಶು, ಅಧ್ಯಕ್ಷರು ದಕ್ಷಿಣದವರು, ಪ್ರಧಾನಿಯೂ ದಕ್ಷಿಣದವರು. ಮರುವರ್ಷ ಜೂನ್‌ನಲ್ಲಿ ಸಂವಿಧಾನಕ್ಕೆ ಜನಮತ ಕೇಳಿದಾಗ ಉತ್ತರದ ದೊಡ್ಡ ಪಕ್ಷ ಬಹಿಷ್ಕಾರ ಹಾಕಿತು. ಅಲ್ಲಿ ಮತ ಹಾಕಿದವರಲ್ಲೂ ಅರ್ಧಕ್ಕಿಂತ ಜಾಸ್ತಿ ಮಂದಿ ಬೇಡ ಅಂದರು. ದಕ್ಷಿಣದ ಮತದ ರಾಶಿಯಲ್ಲಿ ಅದು ಮುಚ್ಚಿಹೋಯಿತು.

ಇಷ್ಟೇ ಆಗಿದ್ದರೆ ಮಾತಾಡಿ ಸರಿಮಾಡಿಕೊಳ್ಳಬಹುದಿತ್ತು. ಸರಿಮಾಡಲಾಗದ ಹಾಗೆ ಮಾಡಿದ್ದು 1988. ಸೇನಾಧಿಕಾರಿ ಸಿಯಾದ್ ಬರ್ರೆ 1969ರಿಂದ ಅಧಿಕಾರದಲ್ಲಿದ್ದ. ಉತ್ತರದ ಇಸಾಕ್ ಕುಲದವರ ಬಂಡಾಯ ಪಡೆ ಆ ವರ್ಷ ಮೇ ಕೊನೆಗೆ ಬುರಾವೊ ಮತ್ತು ಈಗ ಸೋಮಾಲಿಲ್ಯಾಂಡಿನ ರಾಜಧಾನಿಯಾಗಿರುವ ಹರ್ಗೇಸಾ ಊರುಗಳಿಗೆ ನುಗ್ಗಿತು. ಬರ್ರೆಯ ಸೇನೆ ಊರಿನ ಮೇಲೇ ಫಿರಂಗಿ ತಿರುಗಿಸಿತು. ವಿಮಾನಗಳು ಹರ್ಗೇಸಾದ ವಿಮಾನ ನಿಲ್ದಾಣದಿಂದಲೇ ಹಾರಿ, ಹರ್ಗೇಸಾದ ಮೇಲೇ ಬಾಂಬ್ ಸುರಿದು, ಅಲ್ಲೇ ಇಳಿದು, ಮತ್ತೆ ಬಾಂಬ್ ತುಂಬಿಕೊಂಡು ಏಳುತ್ತಿದ್ದವು. ಯಾವುದೋ ಶತ್ರು ದೇಶದ ವಿಮಾನಗಳಲ್ಲ ಇವು. ತಾವೇ ತೆರಿಗೆ ಕಟ್ಟಿದ ಸರ್ಕಾರದ್ದು. ಸತ್ತವರು ಕಡಿಮೆಯೆಂದರೂ 50 ಸಾವಿರ ಎಂಬುದು ಸಾಮಾನ್ಯ ಅಂದಾಜು. ಲಕ್ಷಾಂತರ ಜನ ನಡೆದುಕೊಂಡೇ ಇಥಿಯೋಪಿಯಾ ಸೇರಿದರು. 1997ರಲ್ಲಿ ಜೋರು ಮಳೆ ಬಂದು ಹರ್ಗೇಸಾದ ಹೊರವಲಯದಲ್ಲಿ ಮಣ್ಣು ಕೊಚ್ಚಿಹೋದಾಗ ಮೂಳೆಗಳು ಮೇಲೆ ಬಂದವು. ಕೈ ಕಟ್ಟಿ ಸಾಲಾಗಿ ಹೂತವರ ಮೂಳೆಗಳು. ಊರಿನ ನಡುವೆ ಇವತ್ತಿಗೂ ಕಟ್ಟೆಯೊಂದರ ಮೇಲೆ ಮಿಗ್ ವಿಮಾನ ನಿಂತಿದೆ. ಅದರ ಕೆಳಗೇ ಮಕ್ಕಳು ಶಾಲೆಗೆ ಹೋಗುತ್ತಾರೆ.

ನಿಮ್ಮ ಹುಡುಗನ ಅಜ್ಜಿಯೋ ದೊಡ್ಡಪ್ಪನೋ ಆ ದಿನಗಳನ್ನು ಕಂಡವರೇ ಇರಬಹುದು. ಅಂಥ ಮನೆಯಲ್ಲಿ ಬೆಳೆದವನ ಮುಂದೆ "ನೀವೆಲ್ಲ ಒಂದೇ ಅಲ್ವಾ" ಅನ್ನುವುದು ಬಹಳ ಕಷ್ಟದ ಮಾತು.

ಪ್ರಶ್ನೆ: ಅಷ್ಟೆಲ್ಲ ಆಗಿದ್ದರೆ ಅವರ ಪಾಡಿಗೆ ಬೇರೆ ಇರಲಿ ಬಿಡಿ. 30 ವರ್ಷ ದಾಟಿದರೂ ಬೇರೆ ದೇಶಗಳು ಯಾಕೆ ಒಪ್ಪಿಲ್ಲ?

ಉತ್ತರ: ಆಫ್ರಿಕಾದ ದೇಶಗಳಿಗೆ ಒಂದು ದೊಡ್ಡ ಭಯ. ಒಂದು ಕಡೆ ಗಡಿ ಬದಲಾದರೆ ಹತ್ತು ಕಡೆ ಕೇಳುತ್ತಾರೆ. ಅದಕ್ಕೇ 1964ರಲ್ಲಿ ಕೈರೋದಲ್ಲಿ ಸೇರಿ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಯನ್ನು ಯಾರೂ ಮುಟ್ಟಬಾರದು ಅಂದುಕೊಂಡರು. ಸೋಮಾಲಿಲ್ಯಾಂಡಿನವರು ಅದೇ ಮಾತನ್ನು ಹಿಡಿದು ವಾದಿಸುತ್ತಾರೆ: ನಮಗೆ ಸ್ವಾತಂತ್ರ್ಯ ಬಂದಾಗ ನಮ್ಮದೇ ಗಡಿ ಇತ್ತು, ಐದು ದಿನ ನಾವು ದೇಶವಾಗಿದ್ದೆವು, ಕೂಡಿದ್ದೆವು, ಈಗ ಹಿಂದಕ್ಕೆ ಬರುತ್ತಿದ್ದೇವೆ. ಆಫ್ರಿಕನ್ ಒಕ್ಕೂಟವೇ 2005ರಲ್ಲಿ ಕಳಿಸಿದ ತಂಡ, ಇವರ ಬೇಡಿಕೆಯನ್ನು ಬೇರೆಯವುಗಳ ಜೊತೆ ಸೇರಿಸಿ ನೋಡಬಾರದು ಎಂದು ಬರೆಯಿತು. ಆದರೂ ವಿಷಯ ಮುಂದೆ ಹೋಗಲಿಲ್ಲ. ಎರಿಟ್ರಿಯಾ 1993ರಲ್ಲಿ, ದಕ್ಷಿಣ ಸುಡಾನ್ 2011ರಲ್ಲಿ ಬೇರೆಯಾದಾಗ ಮೂಲ ದೇಶ ಹೂಂ ಅಂದಿತ್ತು. ಮೊಗಾದಿಶು ಹೂಂ ಅಂದಿಲ್ಲ. 2025ರ ಡಿಸೆಂಬರ್‌ನಲ್ಲಿ ಇಸ್ರೇಲ್ ಮಾನ್ಯತೆ ಕೊಟ್ಟಿತು, ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಅದೇ ಮೊದಲು. ಆಫ್ರಿಕನ್ ಒಕ್ಕೂಟ ಕೂಡಲೇ ವಿರೋಧಿಸಿತು.

ಅಲ್ಲಿನ ಜನ ಕಟ್ಟಿಕೊಂಡದ್ದನ್ನು ನಾನು ಮನಸಾರೆ ಗೌರವಿಸುತ್ತೇನೆ. 1993ರಲ್ಲಿ ಬೋರಾಮದಲ್ಲಿ ಕುಲದ ಹಿರಿಯರು ತಿಂಗಳುಗಟ್ಟಲೆ ಕೂತು ಜಗಳ ಬಗೆಹರಿಸಿದರು. ಗೂರ್ತಿ ಎಂಬ ಆ ಹಿರಿಯರ ಸಭೆ ಈಗ ಸಂಸತ್ತಿನ ಒಂದು ಸದನ. 2003ರ ಅಧ್ಯಕ್ಷ ಚುನಾವಣೆಯಲ್ಲಿ ಗೆಲುವಿನ ಅಂತರ 80 ಮತ. ಸೋತವರು ಬಂದೂಕು ಎತ್ತಲಿಲ್ಲ. ಮುಂದೆ 2010ರಲ್ಲಿ ಅವರೇ ಗೆದ್ದು ಅಧ್ಯಕ್ಷರಾದರು.

ಆದರೆ "ಬಿಡಿ, ಬೇರೆ ಇರಲಿ" ಅಂತ ನೀವು ಸುಲಭವಾಗಿ ಅಂದಿರಲ್ಲ, ಅಲ್ಲೇ ನನಗೆ ತೊಡಕು. ಸೋಮಾಲಿಲ್ಯಾಂಡ್ ತನ್ನದೆನ್ನುವ ಗಡಿಯೊಳಗೆ ಇರುವವರೆಲ್ಲ ಇಸಾಕರಲ್ಲ. ಪೂರ್ವದಲ್ಲಿ ಲಾಸ್ ಆನೋದ್ ಎಂಬ ಊರಿದೆ. ಅಲ್ಲಿ ಹೆಚ್ಚಿನವರು ದುಲ್ಬಹಾಂತೆ ಕುಲದವರು. 1991ರ ತೀರ್ಮಾನ ಅವರಲ್ಲಿ ಬಹಳ ಜನಕ್ಕೆ ತಮ್ಮದು ಅನಿಸಲೇ ಇಲ್ಲ. 2023ರ ಫೆಬ್ರವರಿಯಲ್ಲಿ ಅವರ ಹಿರಿಯರು, ನಾವು ಸೋಮಾಲಿಯಾದ ಜೊತೆಗೇ ಇರುತ್ತೇವೆ ಎಂದು ಹೇಳಿದರು. ಹರ್ಗೇಸಾದ ಸೇನೆ ಊರಿನ ಮೇಲೆ ಶೆಲ್ ಹಾಕಿತು. ಆಸ್ಪತ್ರೆಗೂ ಬಿತ್ತು. ಜನ ಗಂಟುಮೂಟೆ ಕಟ್ಟಿಕೊಂಡು ಇಥಿಯೋಪಿಯಾ ಕಡೆ ಹೊರಟರು. ಆಗಸ್ಟ್‌ನಲ್ಲಿ ಸೇನೆ ಹಿಂದೆ ಸರಿಯಬೇಕಾಯಿತು.

1988ರಲ್ಲಿ ಅದೇ ದಾರಿ ಹಿಡಿದು ಓಡಿದವರ ಮಕ್ಕಳು ಆ ಸೇನೆಯಲ್ಲಿದ್ದರು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. 1961ರಲ್ಲಿ ಉತ್ತರದ 'ಬೇಡ'ವನ್ನು ಮೊಗಾದಿಶು ಎಣಿಸಲಿಲ್ಲ. 2023ರಲ್ಲಿ ಲಾಸ್ ಆನೋದ್‌ನ 'ಬೇಡ'ವನ್ನು ಹರ್ಗೇಸಾ ಎಣಿಸಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹರ್ಗೇಸಾ ಜನರನ್ನು ಬಲವಂತವಾಗಿ ಸೋಮಾಲಿಯಾಕ್ಕೆ ಎಳೆಯುವುದು ತಪ್ಪು. ಲಾಸ್ ಆನೋದ್ ಜನರನ್ನು ಬಲವಂತವಾಗಿ ಸೋಮಾಲಿಯಾದಿಂದ ಹೊರಗೆ ಒಯ್ಯುವುದೂ ಅಷ್ಟೇ ತಪ್ಪು. ಒಗ್ಗಟ್ಟು ಬೇಕೆನ್ನುವವರಿಗೂ ಒಂದು ಕೇಳುತ್ತೇನೆ: 1988ರ ಲೆಕ್ಕ ಒಪ್ಪಿಸದೆ ಬರೀ "ನಾವು ಅಣ್ಣತಮ್ಮಂದಿರು" ಅಂದರೆ ಹರ್ಗೇಸಾದವರು ಯಾವ ನಂಬಿಕೆಯ ಮೇಲೆ ಬರಬೇಕು?

ಪ್ರಶ್ನೆ: ಹಡಗು ಹಿಡಿಯುತ್ತಿದ್ದ ಕಡಲ್ಗಳ್ಳರು ಇದೇ ಸೋಮಾಲಿಲ್ಯಾಂಡಿನವರಾ?

ಉತ್ತರ: ಅಲ್ಲ. ಹೆಚ್ಚಿನವರು ಪಕ್ಕದ ಪುಂಟ್‌ಲ್ಯಾಂಡ್ ಮತ್ತು ಅದಕ್ಕಿಂತ ಕೆಳಗಿನ ಕರಾವಳಿಯವರು. ಪುಂಟ್‌ಲ್ಯಾಂಡ್ 1998ರಿಂದ ತನ್ನ ಆಡಳಿತ ತಾನೇ ನಡೆಸುತ್ತಿದೆ, ಆದರೆ ಬೇರೆ ದೇಶ ಅನ್ನುವುದಿಲ್ಲ. ಮೊಗಾದಿಶು ಜೊತೆ ಮುನಿಸು ಮಾತ್ರ ಇದ್ದೇ ಇದೆ. 2024ರಲ್ಲಿ ಸಂವಿಧಾನ ತಿದ್ದಿದ್ದಕ್ಕೆ ಕೋಪಗೊಂಡು, ಕೇಂದ್ರ ಸರ್ಕಾರವನ್ನು ಒಪ್ಪುವುದಿಲ್ಲ ಎಂದಿತು.

ಪ್ರಶ್ನೆ: (ಮೊದಲು ಕೇಳಿದವರದ್ದೇ) ಈಗ ಹುಡುಗರ ಹತ್ತಿರ ನಾನು ಹೇಗೆ ಮಾತಾಡಲಿ? ಇಬ್ಬರೂ ಒಳ್ಳೆಯವರು.

ಉತ್ತರ: "ನಿಮ್ಮದು ಯಾವ ದೇಶ" ಅಂತ ಕೇಳುವ ಬದಲು "ನಿಮ್ಮದು ಯಾವ ಊರು" ಅಂತ ಕೇಳಿ. ಸ್ವೀಟ್ ಕೊಟ್ಟವನ ಕೈಲಿರುವುದು ಸೋಮಾಲಿಯಾ ಪಾಸ್‌ಪೋರ್ಟ್ ಆಗಿದ್ದರೆ ಅದನ್ನು ಎತ್ತಿ ಆಡಬೇಡಿ. ಸೋಮಾಲಿಲ್ಯಾಂಡ್ ಪಾಸ್‌ಪೋರ್ಟ್ ಒಪ್ಪುವ ದೇಶಗಳು ಬೆರಳೆಣಿಕೆಯಷ್ಟು, ಓದಲು ಹೊರಗೆ ಬರುವವರಿಗೆ ಬೇರೆ ದಾರಿ ಕಡಿಮೆ. ಕುಲ ಯಾವುದು ಎಂದಂತೂ ಕೇಳಲೇಬೇಡಿ.

ಇನ್ನೊಂದು ಮಾತು. ಜೂನ್ 26 ಹತ್ತಿರ ಬರುತ್ತಿದೆ. ಹರ್ಗೇಸಾದಲ್ಲಿ ಅದು ಬ್ರಿಟಿಷರು ಹೋದ ದಿನ. ಮೊಗಾದಿಶುವಿನಲ್ಲೂ ಅದನ್ನು ಆಚರಿಸುತ್ತಾರೆ, ಸ್ವತಂತ್ರ ಸೋಮಾಲಿ ನೆಲದಲ್ಲಿ ನೀಲಿ ಬಾವುಟ ಮೊದಲು ಹಾರಿದ ದಿನ ಎಂದು. ಅವತ್ತು ನೀವೇ ಪಾಯಸ ಮಾಡಿ ಎರಡು ಲೋಟ ಮೇಲಕ್ಕೆ ಕಳಿಸಿ. ಇಬ್ಬರೂ ಕುಡಿಯುತ್ತಾರೆ.