ಬೀದಿಯಲ್ಲಿ ನಿಂತ ಕಾರಿಗೆ ಬಾಲ್ಕನಿಯಿಂದ ಕಾವಲು

ಓದುಗರ ಪತ್ರ: ಬೆಂಗಳೂರಿನ ವಿಜಯನಗರದಲ್ಲಿ, ಮೂವತ್ತು-ನಲವತ್ತರ ನಿವೇಶನದ ಮನೆಯೊಂದರ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೆಳಗಿನ ಜಾಗ ಮಾಲೀಕರ ಕಾರಿಗೇ ಸಾಲದು. ನಮ್ಮ ಕಾರು ರಸ್ತೆಯ ಆಚೆ ಬದಿಯಲ್ಲಿ, ಎದುರು ಮನೆಯ ಕಾಂಪೌಂಡಿಗೆ ಒತ್ತಿಕೊಂಡು, ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಈಚೆಗೆ ಬಾಗಿಲಿನ ಉದ್ದಕ್ಕೂ ಯಾರೋ ಗೀರು ಎಳೆದರು. ಆಮೇಲೊಂದು ರಾತ್ರಿ ಪಕ್ಕದ ಕನ್ನಡಿಯನ್ನೇ ಕಿತ್ತೊಯ್ದರು. ಠಾಣೆಗೆ ಹೋದರೆ ಮೊದಲು ಕೇಳಿದ್ದು ಫುಟೇಜ್ ಇದೆಯಾ ಎಂದು. ಬಾಲ್ಕನಿಯ ಹೂಕುಂಡದಲ್ಲಿ ಯಾರಿಗೂ ಕಾಣದಂತೆ ಕ್ಯಾಮೆರಾ ಅಡಗಿಸಬೇಕೆಂದಿದ್ದೇನೆ; ಕಂಡರೆ ಎದುರು ಮನೆಯವರು ಜಗಳಕ್ಕೆ ಬರುತ್ತಾರೆ. ಎಂಥ ಕ್ಯಾಮೆರಾ ಕೊಳ್ಳಲಿ, ಹೇಗೆ ಅಡಗಿಸಲಿ, ಇದು ಕಾನೂನಿಗೆ ವಿರುದ್ಧವೇ?

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರದಲ್ಲಿ ಅಡಗಿಸುವ ವಿಚಾರ ಮೊದಲು ಬಂದು, ಏನನ್ನು ನೋಡಬೇಕು ಎಂಬುದು ಆಮೇಲೆ ಬಂದಿದೆ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಕೆಲಸ ಮುಗಿದಂತೆ. ಕಾರು ಕಾಣುವಂತೆ ಕ್ಯಾಮೆರಾ ಇಡುವುದು ಸುಲಭ. ಕಾರಿನ ಬಳಿ ಬಂದವರು ಯಾರೆಂದು ಹೇಳಬಲ್ಲ ಚಿತ್ರ ಪಡೆಯುವುದು ಬೇರೆಯದೇ ಕೆಲಸ. ಮಾರುಕಟ್ಟೆಯಲ್ಲಿ ಮನೆಬಳಕೆಗೆಂದು ಸಿಗುವ ಬಹುಪಾಲು ಕ್ಯಾಮೆರಾಗಳು ಮೊದಲನೆಯದಕ್ಕೆ ಹೇಳಿ ಮಾಡಿಸಿದವು. ಕನ್ನಡಿ ಕದ್ದ ಮರುದಿನ ಅಂಥ ಚಿತ್ರವನ್ನು ತೆರೆದು ನೋಡಿದರೆ, ಎರಡೂ ಹತ್ತಕ್ಕೆ ಒಬ್ಬ ಬಂದ, ಎರಡೂ ಹನ್ನೆರಡಕ್ಕೆ ಹೋದ ಎಂಬುದರಾಚೆಗೆ ಏನೂ ತಿಳಿಯುವುದಿಲ್ಲ.

ಈ ವ್ಯತ್ಯಾಸ ಲೆನ್ಸಿನಲ್ಲಿದೆ. ಮನೆಬಳಕೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವುದು 2.8 ಮಿ.ಮೀ. ಲೆನ್ಸ್. ಅದು ನೂರು ಡಿಗ್ರಿಗಿಂತ ತುಸು ಹೆಚ್ಚು ಅಗಲಕ್ಕೆ ನೋಡುತ್ತದೆ. ನಿಮ್ಮ ಬಾಲ್ಕನಿಯ ಕಂಬಿ ರಸ್ತೆಮಟ್ಟದಿಂದ ಹದಿನಾಲ್ಕು ಅಡಿ ಮೇಲೆ, ಕಾರು ಅಡ್ಡಕ್ಕೆ ಇಪ್ಪತ್ತೈದು ಅಡಿ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಆಗ ಕ್ಯಾಮೆರಾದಿಂದ ಕಾರಿನ ಬಳಿ ನಿಂತವನ ಮುಖಕ್ಕೆ ನೇರ ಅಳತೆ ಸುಮಾರು 8 ಮೀಟರ್. ಆ ದೂರದಲ್ಲಿ 2.8 ಮಿ.ಮೀ. ಲೆನ್ಸ್ ಇಪ್ಪತ್ತು ಮೀಟರ್ ಅಗಲದ ಬೀದಿಯನ್ನೇ ಚಿತ್ರದೊಳಗೆ ತುಂಬಿಕೊಳ್ಳುತ್ತದೆ. ಚಿತ್ರದ ಅಡ್ಡಳತೆ 1920 ಪಿಕ್ಸೆಲ್ ಆದರೆ, ಒಂದು ಮೀಟರಿಗೆ ಸಿಗುವುದು ತೊಂಬತ್ತು ಚಿಲ್ಲರೆ; ಮನುಷ್ಯನ ಮುಖದ ಅಗಲಕ್ಕೆ ಹದಿನೈದು ಪಿಕ್ಸೆಲ್. ಅದೇ ಜಾಗದಲ್ಲಿ 6 ಮಿ.ಮೀ. ಲೆನ್ಸ್ ಇಟ್ಟರೆ ನೋಟ ಸುಮಾರು ಐವತ್ತೆರಡು ಡಿಗ್ರಿಗೆ ಇಳಿದು, ಎಂಟು ಮೀಟರಿನಷ್ಟು ಅಗಲ ಮಾತ್ರ ಕಾಣುತ್ತದೆ. ನಾಲ್ಕು ಮೀಟರ್ ಉದ್ದದ ಕಾರಿಗೂ ಅದರ ಎರಡೂ ಪಕ್ಕದ ಓಡಾಟಕ್ಕೂ ಅಷ್ಟು ಧಾರಾಳವಾಗಿ ಸಾಕು, ಮತ್ತು ಮುಖಕ್ಕೆ ನಲವತ್ತರ ಆಸುಪಾಸು ಪಿಕ್ಸೆಲ್ ದಕ್ಕುತ್ತವೆ. ಕಣ್ಗಾವಲು ವ್ಯವಸ್ಥೆಗಳಿಗೆಂದು 2014ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡವು, ಪರಿಚಿತನೊಬ್ಬನನ್ನು ಇವನೇ ಎಂದು ಗುರುತು ಹಿಡಿಯಲು ಮೀಟರಿಗೆ 125 ಪಿಕ್ಸೆಲ್, ಅಪರಿಚಿತನ ಗುರುತನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಖಚಿತಪಡಿಸಲು 250 ಪಿಕ್ಸೆಲ್ ಬೇಕೆಂದಿತ್ತು. ಆರು ಮಿಲಿಮೀಟರ್ ಲೆನ್ಸು ನಿಮ್ಮನ್ನು ಈ ಎರಡನೆಯ ಗೆರೆಯ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ನಾಲ್ಕು ಮೆಗಾಪಿಕ್ಸೆಲ್ ಕ್ಯಾಮೆರಾ ಆದರೆ ದಾಟಿಸುತ್ತದೆ. ಗೀರು ಎಳೆದವರು ನಿಮ್ಮ ಬೀದಿಯವರೇ ಆಗಿದ್ದರೆ ಮೊದಲನೆಯ ಗೆರೆಯೇ ಸಾಕಾದೀತು.

ಹಾಗಾಗಿ ಅಂಗಡಿಯಲ್ಲಿ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎಷ್ಟು ಮಿಲಿಮೀಟರ್ ಎಂದು ಕೇಳಿರಿ. ಹೋಲ್ಡರಿಗೆ ಸಿಕ್ಕಿಸುವ, ಬಲ್ಬಿನ ಆಕಾರದ ತಿರುಗುವ ಕ್ಯಾಮೆರಾವನ್ನು ಅಂಗಡಿಯವರು ಖಂಡಿತ ಮುಂದಿಡುತ್ತಾರೆ. ನೋಡಿದವರಿಗೆ ಬಲ್ಬು ಎನಿಸುವುದರಿಂದ ನಿಮಗೂ ಆಸೆಯಾಗಬಹುದು. ಆದರೆ ಅದರದು ಬಹುಮಟ್ಟಿಗೆ ಅಗಲ ನೋಟದ ಲೆನ್ಸು. ಅಲ್ಲದೆ ಮಲಗುವ ಮುನ್ನ ಮನೆಯವರಲ್ಲಿ ಒಬ್ಬರು ಅಭ್ಯಾಸಬಲದಿಂದ ಬಾಲ್ಕನಿಯ ಸ್ವಿಚ್ಚು ಆರಿಸಿದರೆ ಕ್ಯಾಮೆರಾವೂ ಆರುತ್ತದೆ.

ಎತ್ತರದ ವಿಷಯದಲ್ಲಿ ನೀವು ಅದೃಷ್ಟವಂತರು. ಕಾರು ನಿಮ್ಮ ಬಾಲ್ಕನಿಯ ನೇರ ಕೆಳಗೆ ನಿಲ್ಲುತ್ತಿದ್ದರೆ ನಿಮಗೆ ಕಾಣುತ್ತಿದ್ದುದು ಹೆಲ್ಮೆಟ್ಟು, ಟೋಪಿ, ನೆತ್ತಿ ಇಷ್ಟೇ. ಇಪ್ಪತ್ತೈದು ಅಡಿ ಆಚೆ ಇರುವುದರಿಂದ ಕ್ಯಾಮೆರಾ ಸುಮಾರು ಇಪ್ಪತ್ತು ಡಿಗ್ರಿಯಷ್ಟು ಮಾತ್ರ ಕೆಳಮುಖವಾಗುತ್ತದೆ, ಮುಖ ಸಾಕಷ್ಟು ತೆರೆದಿರುತ್ತದೆ. ಮಾಲೀಕರು ಒಪ್ಪಿದರೆ ಟೆರೇಸಿನ ಪ್ಯಾರಾಪೆಟ್ಟಿಗೆ ಹಾಕಿಸೋಣ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು, ಬೇಡ. ಹಾಗೆಯೇ ಹೊಂಗೆಯ ಕೊಂಬೆ ಯಾವ ಎತ್ತರದಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಮರ ಚಿಗುರಿ ತುಂಬಿಕೊಂಡಾಗ ನೋಡಿ ನಿರ್ಧರಿಸಿರಿ. ಎಲೆ ಉದುರಿದ ದಿನಗಳಲ್ಲಿ ಇಟ್ಟ ಕ್ಯಾಮೆರಾ ಮಳೆಗಾಲಕ್ಕೆ ಎಲೆಯನ್ನೇ ಕಾಯುತ್ತಾ ಕೂರುತ್ತದೆ.

ಈಗ ಅಡಗಿಸುವ ಮಾತಿಗೆ ಬರುತ್ತೇನೆ. ಹೂಕುಂಡ ನನಗೆ ಒಪ್ಪಿಗೆಯಿಲ್ಲ, ಮತ್ತು ಕಾರಣ ಮೊದಲನೆಯದಾಗಿ ಬೆಳಕು. ರಾತ್ರಿ ಹೊತ್ತು ಈ ಕ್ಯಾಮೆರಾಗಳು ತಮ್ಮ ಮೈಮೇಲಿನ ಪುಟ್ಟ ದೀಪಗಳಿಂದ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಚೆಲ್ಲಿ, ಅದು ಮರಳಿ ಬಂದದ್ದನ್ನು ಚಿತ್ರ ಮಾಡುತ್ತವೆ. ಲೆನ್ಸಿನ ಮುಂದೆ ಒಂದು ಎಲೆ ಇದ್ದರೂ ಬೆಳಕು ಮೊದಲು ಅದಕ್ಕೆ ಬಡಿದು, ಎಲೆ ಬೆಳ್ಳಗೆ ಉರಿದು, ಹಿಂದಿನ ರಸ್ತೆ ಕಗ್ಗತ್ತಲಾಗುತ್ತದೆ. ಗಾಳಿಗೆ ಎಲೆ ಅಲುಗಿದಾಗಲೆಲ್ಲ ನಿಮ್ಮ ಫೋನಿಗೆ ಎಚ್ಚರಿಕೆಯ ಸಂದೇಶ ಬರುತ್ತದೆ. ವಾರದೊಳಗೆ ನೀವೇ ಬೇಸತ್ತು ಅದನ್ನು ನಿಲ್ಲಿಸುತ್ತೀರಿ. ಕಿಟಕಿಯ ಗಾಜಿನ ಹಿಂದೆ ಇಡುವ ಉಪಾಯವೂ ಇದೇ ಕಾರಣಕ್ಕೆ ಕೆಡುತ್ತದೆ, ಸೊಳ್ಳೆ ಜಾಲರಿಯ ಹಿಂದೆ ಇಟ್ಟರೂ ಅಷ್ಟೇ. ಗಾಜಿನ ಹಿಂದೆಯೇ ಇಡಬೇಕಾಗಿ ಬಂದರೆ ಕ್ಯಾಮೆರಾದ ಅತಿಗೆಂಪು ದೀಪ ಆರಿಸಿ, ಬೀದಿದೀಪದ ಬೆಳಕನ್ನೇ ನಂಬಬೇಕು. ನಿಮ್ಮ ಕಾರು ಮರದ ನೆರಳಿನಲ್ಲಿರುವುದರಿಂದ ಆ ನಂಬಿಕೆ ಹೆಚ್ಚು ದೂರ ಸಾಗದು. ಹೋಗಲಿ, ಹೂಕುಂಡಕ್ಕೆ ದಿನವೂ ನೀರು ಹಾಕುವವರು ಯಾರು ಎಂಬುದನ್ನೂ ಯೋಚಿಸಿರಿ.

ನನ್ನ ಸಲಹೆಯೆಂದರೆ ಅಡಗಿಸಬೇಕಾದದ್ದು ತಂತಿ ಮತ್ತು ಚಿತ್ರ ದಾಖಲಿಸಿಡುವ ಪೆಟ್ಟಿಗೆ, ಅಂದರೆ ರೆಕಾರ್ಡರ್. ಕ್ಯಾಮೆರಾ ಕಣ್ಣಿಗೆ ಹೊಡೆಯದಂತಿದ್ದರೆ ಸಾಕು, ಅದು ಮಾಯವಾಗಬೇಕಿಲ್ಲ. ಸಜ್ಜಾದ ತಳಭಾಗದಲ್ಲಿ, ಗೋಡೆಯ ಮೂಲೆಗೆ ಸರಿದಂತೆ, ಗೋಡೆಯ ಬಣ್ಣಕ್ಕೆ ಹತ್ತಿರದ ಬಣ್ಣದ ಸಣ್ಣ ಬುಲೆಟ್ (ಕೊಳವೆಯಾಕಾರದ) ಕ್ಯಾಮೆರಾ ಕೂರಿಸಿದರೆ ಮಳೆ-ಬಿಸಿಲಿನಿಂದ ರಕ್ಷಣೆಯೂ ಸಿಗುತ್ತದೆ, ದಾರಿಹೋಕರ ದೃಷ್ಟಿಯೂ ಅಷ್ಟಾಗಿ ಬೀಳದು. ಸಜ್ಜಾದ ಅಂಚಿನಿಂದ ತೀರ ಒಳಕ್ಕೆ ಸರಿಸಬೇಡಿ. ಪಕ್ಕದ ಗೋಡೆಗೋ ಸಜ್ಜಾದ ತಳಕ್ಕೋ ಬಡಿದ ಅತಿಗೆಂಪು ಬೆಳಕು ಲೆನ್ಸಿಗೇ ಹಿಂದಿರುಗಿ ಚಿತ್ರವನ್ನು ಮಂಜಾಗಿಸುತ್ತದೆ. ರಾತ್ರಿ ಮಂದ ಕೆಂಪು ಚುಕ್ಕೆಗಳಂತೆ ಹೊಳೆಯುವುದು 850 ನ್ಯಾನೊಮೀಟರ್ ತರಂಗಾಂತರದ ದೀಪಗಳು. 940ರವು ಹೊಳೆಯುವುದಿಲ್ಲ, ಆದರೆ ಅಷ್ಟೇ ಸಾಮರ್ಥ್ಯದಲ್ಲಿ ಅವುಗಳ ಬೆಳಕು ಅಷ್ಟು ದೂರ ಹೋಗುವುದಿಲ್ಲ; ಎಂಟು ಮೀಟರ್ ನಿಮ್ಮ ಅಗತ್ಯವಾದ್ದರಿಂದ ಕೊಳ್ಳುವ ಮುನ್ನ ಕತ್ತಲಲ್ಲಿ ಪರೀಕ್ಷಿಸಿ ನೋಡುವುದು ಒಳ್ಳೆಯದು. ಆ ಬೆಚ್ಚನೆಯ ದೀಪಗಳ ಸುತ್ತ ಜೇಡ ಬಲೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸದಿದ್ದರೆ ಎಷ್ಟು ದುಬಾರಿ ಕ್ಯಾಮೆರಾ ಆದರೂ ರಾತ್ರಿಯಿಡೀ ಬಲೆಯನ್ನೇ ತೋರಿಸುತ್ತದೆ.

ವಾಹನದ ನಂಬರು ಸಿಗುತ್ತದೆಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ. ಬೈಕಿನ ಹಿಂದಿನ ಫಲಕ 200 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ್ದು, 6 ಮಿ.ಮೀ. ಲೆನ್ಸಿನಲ್ಲೂ ಅದಕ್ಕೆ ಸಿಗುವುದು ಐವತ್ತು ಪಿಕ್ಸೆಲ್. ಹಗಲಿನಲ್ಲಿ ನಿಂತ ಬೈಕಿನದಾದರೆ ಓದಬಹುದು. ರಾತ್ರಿ, 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಹೆಚ್ಚು ಭದ್ರತೆಯ ಫಲಕಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದರಿಂದ, ಅತಿಗೆಂಪಿನಲ್ಲಿ ಅಕ್ಷರಗಳು ಅಳಿಸಿ ಬಿಳಿ ಚೌಕವೊಂದು ಉಳಿಯುತ್ತದೆ. ಗೇಟಿನ ಮೇಲೆ, ಮನುಷ್ಯರ ಚಲನೆಗೆ ತಾನೇ ಹೊತ್ತಿಕೊಳ್ಳುವ ಎಲ್‌ಇಡಿ ದೀಪವೊಂದನ್ನು ಮಾಲೀಕರ ಒಪ್ಪಿಗೆ ಪಡೆದು ಹಾಕಿಸಿದರೆ ಬಟ್ಟೆಯ ಬಣ್ಣ, ವಾಹನದ ಬಣ್ಣಗಳಾದರೂ ದಾಖಲಾಗುತ್ತವೆ. ದೀಪ ಹೊತ್ತಿದ್ದಕ್ಕೇ ಬಂದವನು ಹಿಂದಿರುಗಿದರೆ ನಷ್ಟವೇನಿಲ್ಲ.

ತಂತಿಯ ಬಗ್ಗೆ: ವೈಫೈ ಕ್ಯಾಮೆರಾ ಹಾಕುವುದು ಸುಲಭ, ಆದರೆ ಬ್ಯಾಟರಿಯದಲ್ಲದಿದ್ದರೆ ಅದಕ್ಕೂ ವಿದ್ಯುತ್ತಿನ ತಂತಿ ಬೇಕೇ ಬೇಕು. ಹೇಗೂ ತಂತಿ ಎಳೆಯುವುದಾದರೆ ಚಿತ್ರವನ್ನೂ ವಿದ್ಯುತ್ತನ್ನೂ ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಒಯ್ಯುವ ಪಿಒಇ ವ್ಯವಸ್ಥೆಯೇ ಮೇಲು. ನೂರು ಮೀಟರಿನವರೆಗೆ ಅದಕ್ಕೆ ತೊಂದರೆಯಿಲ್ಲ. ಬಾಡಿಗೆ ಮನೆಯಾದ್ದರಿಂದ ಹೊಸ ತೂತು ಕೊರೆಯುವ ಬದಲು ಕೇಬಲ್ ಟಿವಿಗೆಂದು ಮೊದಲೇ ಕೊರೆದ ತೂತು ಇದೆಯೇ ನೋಡಿರಿ. ಕೊರೆಯಲೇಬೇಕಾದರೆ ಹೊರಬದಿಗೆ ಇಳಿಜಾರಾಗಿರಲಿ, ತೂತನ್ನು ಹೊಗುವ ಮೊದಲು ತಂತಿ ಒಂದು ಗೇಣು ಕೆಳಕ್ಕೆ ಬಾಗಿ ಮತ್ತೆ ಮೇಲೇರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರಿನ ಜೋಡಣೆ ಕ್ಯಾಮೆರಾದ ಹಿಂದಿನ ಜಂಕ್ಷನ್ ಪೆಟ್ಟಿಗೆಯೊಳಗಿರಬೇಕು. ಕ್ಯಾಮೆರಾ ಧೂಳು-ನೀರು ತಡೆಯುವ ಐಪಿ66 ಅಥವಾ ಐಪಿ67 ದರ್ಜೆಯದಾಗಿದ್ದರೂ ಹೊರಗೆ ಜೋತುಬಿದ್ದ ಜೋಡಣೆಗೆ ಆ ರಕ್ಷಣೆ ಇಲ್ಲ, ಮತ್ತು ಮೊದಲ ಮುಂಗಾರಿಗೆ ಕೆಡುವುದು ಸಾಮಾನ್ಯವಾಗಿ ಅದೇ. ಕರೆಂಟು ಹೋದಾಗ ಕ್ಯಾಮೆರಾ ಮತ್ತು ರೂಟರ್ ಎರಡಕ್ಕೂ ಯುಪಿಎಸ್ ಆಸರೆ ಇರಲಿ.

ರೆಕಾರ್ಡರಿನ ಪೆಟ್ಟಿಗೆಯನ್ನು ಟಿವಿಯ ಪಕ್ಕ ಇಡಬೇಡಿ. ಒಳಕೋಣೆಯಲ್ಲಿ, ಗಾಳಿಯಾಡುವ ಕಪಾಟಿನಲ್ಲಿರಲಿ. ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಸತತವಾಗಿ ಮುದ್ರಿಸಿದರೆ ದಿನಕ್ಕೆ 21 ಜಿಬಿಗಿಂತ ಸ್ವಲ್ಪ ಹೆಚ್ಚು ತುಂಬುತ್ತದೆ. 128 ಜಿಬಿಯ ಮೆಮೊರಿ ಕಾರ್ಡು ಆರು ದಿನಕ್ಕೆ ಮುಗಿದು ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ವಾರಾಂತ್ಯಕ್ಕೆ ಊರಿಗೆ ಹೋಗಿ ರಜೆ ಸೇರಿಸಿ ಬರುವವರಿಗೆ ಇದು ಸಾಲದು. ಒಂದು ಟೆರಾಬೈಟಿನ ಡಿಸ್ಕ್ ಒಂದೂವರೆ ತಿಂಗಳು ನಿಭಾಯಿಸುತ್ತದೆ. ಕ್ಯಾಮೆರಾದೊಂದಿಗೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳನ್ನು ವಶಪಡಿಸಿಕೊಂಡದ್ದು ಬದಲಿಸದೆ ಬಿಟ್ಟ ಕಾರ್ಖಾನೆ ಪಾಸ್‌ವರ್ಡುಗಳ ದಾರಿಯಿಂದಲೇ.

ಕಾನೂನಿನ ಪ್ರಶ್ನೆ ನಿಮ್ಮ ಸಂದರ್ಭದಲ್ಲಿ ಸೂಕ್ಷ್ಮವಾಗುವುದು ಕಾರು ನಿಂತ ಜಾಗದಿಂದ. ಸ್ವಂತ ಮನೆಯಿಂದ ರಸ್ತೆಯ ಕಡೆಗೆ ಕ್ಯಾಮೆರಾ ಇಟ್ಟ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಗೃಹ ಉದ್ದೇಶಕ್ಕೆ ಬಳಸುವ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅನ್ವಯಿಸುವುದೂ ಇಲ್ಲ. ಆದರೆ ನಿಮ್ಮ ಕ್ಯಾಮೆರಾದ ಚಿತ್ರದಲ್ಲಿ ಕಾರಿನ ಹಿಂದೆಯೇ ಎದುರು ಮನೆಯ ಗೇಟು, ಅಂಗಳ, ಬಹುಶಃ ಕಿಟಕಿಯೂ ಬರುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದೆ. ಒಂದೇ ಮನೆಯಲ್ಲಿ ವಾಸವಿದ್ದ ಸೋದರರ ಪ್ರಕರಣವೊಂದರಲ್ಲಿ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾ ನಡೆಸುವಂತಿಲ್ಲವೆಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಾಗ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲಿಲ್ಲ. ಮಹಿಳೆಯೊಬ್ಬರ ಖಾಸಗಿ ಕ್ಷಣವನ್ನು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ನಿಮ್ಮ ಉದ್ದೇಶ ಅದಲ್ಲವೆಂದು ನನಗೆ ಗೊತ್ತು. ಆದರೆ ಹೂಕುಂಡದೊಳಗಿಂದ ತಮ್ಮ ಕಿಟಕಿಯತ್ತ ಮುಖ ಮಾಡಿದ ಕ್ಯಾಮೆರಾ ಒಂದು ದಿನ ಎದುರು ಮನೆಯವರ ಕಣ್ಣಿಗೆ ಬಿದ್ದರೆ ಅವರಿಗೆ ಅದು ಗೊತ್ತಾಗುವ ಬಗೆಯೇನು? ನೀವು ಅಡಗಿಸಲು ಹೊರಟದ್ದು ಜಗಳ ತಪ್ಪಿಸಲು. ಅಡಗಿಸಿದ್ದೇ ಆಗ ಜಗಳಕ್ಕೆ ಕಾರಣವಾಗುತ್ತದೆ.

ಬಹುಪಾಲು ಕ್ಯಾಮೆರಾಗಳಲ್ಲಿ ಚಿತ್ರದ ಆಯ್ದ ಭಾಗವನ್ನು ಶಾಶ್ವತವಾಗಿ ಕಪ್ಪಾಗಿಸುವ ಸೌಲಭ್ಯವಿದೆ. ಎದುರು ಮನೆಯ ಗೇಟಿನಿಂದ ಒಳಗಿನದೆಲ್ಲವನ್ನೂ ಅದರಿಂದ ಮುಚ್ಚಿರಿ, ಧ್ವನಿಮುದ್ರಣವನ್ನು ನಿಲ್ಲಿಸಿರಿ, ಆಮೇಲೆ ಫೋನನ್ನು ಹಿಡಿದುಕೊಂಡು ಹೋಗಿ ಮನೆಯ ಯಜಮಾನರಿಗೂ ಯಜಮಾನಿಯವರಿಗೂ ಆ ಚಿತ್ರವನ್ನೇ ತೋರಿಸಿರಿ. ಅವರ ಕಾಂಪೌಂಡಿಗೆ ಒತ್ತಿ ಕಾರು ನಿಲ್ಲಿಸುತ್ತಿರುವುದರಿಂದ ಅವರ ಮನಸ್ಸಿನಲ್ಲಿ ಮೊದಲೇ ಏನಾದರೂ ಇದ್ದರೆ ಅದೂ ಅಂದೇ ಮಾತಿಗೆ ಬಂದೀತು.

ಕೊನೆಯದಾಗಿ, ಚಿತ್ರ ಸಿಕ್ಕ ಮೇಲಿನ ಮಾತು. ಕ್ಯಾಮೆರಾದ ಗಡಿಯಾರ ಇಂಟರ್ನೆಟ್ಟಿನಿಂದ ತಾನೇ ಸರಿಪಡಿಸಿಕೊಳ್ಳುವಂತಿರಲಿ. ಹದಿನೈದು ನಿಮಿಷ ಹಿಂದಿರುವ ಗಡಿಯಾರ ಒಳ್ಳೆಯ ಚಿತ್ರವನ್ನೂ ಪ್ರಶ್ನೆಗೆ ಗುರಿಮಾಡುತ್ತದೆ. ಘಟನೆಗೆ ಹಿಂದುಮುಂದಿನ ಅರ್ಧ ಗಂಟೆಯನ್ನೂ ಸೇರಿಸಿ, ರೆಕಾರ್ಡರಿನಿಂದ ನೇರವಾಗಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಠಾಣೆಗೆ ಕೊಡಿರಿ. ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಕಡತ ಮೂಲದ್ದಾಗಿ ಉಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಇಂಥ ಪ್ರತಿಯನ್ನು ನ್ಯಾಯಾಲಯದ ಮುಂದಿಡುವಾಗ ಎರಡು ಭಾಗದ ಪ್ರಮಾಣಪತ್ರ ಬೇಕು: ಒಂದಕ್ಕೆ ಸಾಧನದ ಹೊಣೆ ಹೊತ್ತ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಮತ್ತು ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನು ಅದರಲ್ಲಿ ನಮೂದಿಸಬೇಕು. ಮೂಲ ಡಿಸ್ಕನ್ನು ಅಳಿಸದೆ ಇಟ್ಟುಕೊಂಡಿರಿ. ತನಿಖಾಧಿಕಾರಿ ಅದನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರೆ ಸ್ವೀಕೃತಿ ಕೇಳಿ ಪಡೆಯಿರಿ. ಬಡಾವಣೆಯ ಗುಂಪುಗಳಲ್ಲಿ ‘ಇವನೇ ಕಳ್ಳ’ ಎಂದು ಮುಖ ಹಾಕುವುದು ಮಾತ್ರ ಬೇಡ. ಆತ ಕಾರಿನ ಬಳಿ ನಿಂತು ಚಪ್ಪಲಿ ಸರಿಮಾಡಿಕೊಂಡವನಷ್ಟೇ ಆಗಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟದ ದೂರಿಗೆ ಉತ್ತರ ಹೇಳಬೇಕಾದವರು ನೀವಾಗುತ್ತೀರಿ.

- ಸಂ.