ಕೀ ಕೊಡುವ ಸೀಗಲ್ 1963 ವಾಚು ಇದ್ದಕ್ಕಿದ್ದಂತೆ ದಿನಕ್ಕೆ 5 ನಿಮಿಷ ಮುಂದೆ ಓಡ್ತಿದೆ, ಯಾಕೆ?

ಬಹುಮಟ್ಟಿಗೆ ಕಾಂತ ಹಿಡಿದಿದೆ. ಹೇರ್‌ಸ್ಪ್ರಿಂಗ್ (ವಾಚಿನ ವೇಗ ಹಿಡಿದಿಡುವ ತೆಳು ಸುರುಳಿ) ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡವಾದಂತಾಗಿ ವಾಚು ಮುಂದೆ ಓಡುತ್ತದೆ. ಸ್ಪೀಕರ್ ಪಕ್ಕ ಇಟ್ಟಿದ್ದರೂ ಸಾಕು.

ದಿಕ್ಸೂಚಿಯ ಹತ್ತಿರ ಹಿಡಿಯಿರಿ. ಮುಳ್ಳು ಜಗ್ಗಿದರೆ ಡಿಮ್ಯಾಗ್ನೆಟೈಸರ್ (ಕಾಂತ ತೆಗೆಯುವ ಸಾಧನ) ಮೇಲಿಟ್ಟು, ಗುಂಡಿ ಒತ್ತಿಕೊಂಡೇ ವಾಚನ್ನು ನಿಧಾನಕ್ಕೆ ಒಂದಡಿ ಮೇಲೆತ್ತಿ, ಆಮೇಲೆ ಗುಂಡಿ ಬಿಡಿ. ಎಲ್ಲರೂ ಎಡವೋದು ಇಲ್ಲೇ: ವಾಚು ಹತ್ತಿರವಿದ್ದಾಗಲೇ ಬಿಟ್ಟರೆ ಮತ್ತೆ ಕಾಂತ ಹಿಡಿಯುತ್ತದೆ. ಪೂರ್ತಿ ಕೀ ಕೊಟ್ಟು, ಕ್ರೋನೋ (ವಾಚಿನ ಸ್ಟಾಪ್‌ವಾಚ್) ನಿಲ್ಲಿಸಿ, 24 ಗಂಟೆ ಬಿಟ್ಟು ಹೋಲಿಸಿ. ಅಲ್ಲಿಯವರೆಗೆ ರೆಗ್ಯುಲೇಟರ್ (ವೇಗ ಹೊಂದಿಸುವ ಸನ್ನೆ) ಮುಟ್ಟಬೇಡಿ.

ಆಗಲೂ ಮುಂದೆ ಓಡಿದರೆ ಸ್ಪ್ರಿಂಗಿಗೆ ಎಣ್ಣೆ ಹತ್ತಿರಬಹುದು, ಇಲ್ಲವೇ ಪೆಟ್ಟು ಬಿದ್ದು ಸುತ್ತು ಸಿಕ್ಕಿಕೊಂಡಿರಬಹುದು. ಒಳಗಿರುವ ಎಸ್‌ಟಿ19 ಯಂತ್ರ ಕಾಲಮ್ ವೀಲ್ (ಸ್ಟಾಪ್‌ವಾಚ್ ಶುರು ಮಾಡಿ ನಿಲ್ಲಿಸುವ ಕಂಬಗಳ ಚಕ್ರ) ಇರುವ ಕ್ರೋನೋಗ್ರಾಫ್. ಇಷ್ಟು ಕಡಿಮೆ ಬೆಲೆಗೆ ಸಿಗೋದೇ ಅಪರೂಪ. ಸೆಲ್ ಬದಲಿಸುವ ಅಂಗಡಿಗೆ ಬೇಡ, ಕ್ರೋನೋಗ್ರಾಫ್ ಬಿಚ್ಚಿ ಕೂಡಿಸಿ ಗೊತ್ತಿರುವವರಿಗೇ ಕೊಡಿ.